ಅಳತೆ ತಪ್ಪಿದ ಕೋಟು

ಕೋಟು ಮೂರನೇ ಸಲ ವಾಪಸ್ ಬಂದಾಗ ತಂಗಿ ತುಟಿ ಪಿಟಕ್ಕೆನ್ನಲಿಲ್ಲ. ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು ಅಕ್ಕನೇ ಇಬ್ಬರ ಪಾಲಿನ ಮಾತನ್ನೂ ಆಡಿ ಮುಗಿಸಿದಳು.

“ನೋಡೇ, ಕಣ್ಣು ಬಿಟ್ಟು ನೋಡು. ಈ ಬೆಲ್ಟು ಸೊಂಟಕ್ಕೆ ಕಟ್ಟೋದೋ, ತೊಡೆಗೆ ಕಟ್ಟೋದೋ? ಮುಂದುಗಡೆ ನೆಲ ಗುಡಿಸ್ತಿದೆ, ಹಿಂದುಗಡೆ ಕೋಳಿ ಬಾಲದ ಹಾಗೆ ಎದ್ದು ನಿಂತಿದೆ. ಇದನ್ನ ಹಾಕ್ಕೊಂಡು ನಾನು ಅಷ್ಟು ಜನರ ಮುಂದೆ ನಿಲ್ಲಬೇಕಾ? ಕೈ ಕೆಟ್ಟಿದೆ ಅಂತ ಒಂದು ಮಾತು ಹೇಳಿಬಿಡು, ಬೇರೆ ಕಡೆ ಕೊಟ್ಕೋತೀನಿ.”

ಹೇಳಿದವಳು ಕೋಟನ್ನು ಕುರ್ಚಿಯ ಮೇಲೆ ಒಗೆದು ಹೊರಟೇ ಹೋದಳು. ಅಕ್ಕನ ಮೂಗಿನ ತುದಿಯ ಕೋಪ ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ‘ಕೈ ಕೆಟ್ಟಿದೆ’ ಅನ್ನುವ ಮಾತು ತಂಗಿಗೆ ಚುಚ್ಚಿದ ಕಡೆಯೇ ನಿಂತಿತು. ಕೆಲವು ತಿಂಗಳಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ.

ಅಕ್ಕ ಗ್ರಂಥಾಲಯದ ಮೇಲ್ವಿಚಾರಕಿ. ಮನೆಯಲ್ಲೂ ಕೆಲಸದಲ್ಲೂ ಅವಳಿಗೆ ‘ಏಣಿ’ ಅಂತಲೇ ಹೆಸರು. ಕಪಾಟಿನ ಮೇಲಿನ ಹಲಗೆಯ ಪುಸ್ತಕವನ್ನು ಉಳಿದವರು ಸ್ಟೂಲು ಹುಡುಕಿ, ಅದನ್ನು ಎಳೆದು ತಂದು, ಹತ್ತಿ ತೆಗೆಯುವಷ್ಟರಲ್ಲಿ ಅವಳು ನಿಂತಲ್ಲಿಂದಲೇ ಕೈ ಚಾಚಿ ತೆಗೆದುಕೊಟ್ಟು ಎರಡು ಬುದ್ಧಿಮಾತನ್ನೂ ಹೇಳಿರುತ್ತಿದ್ದಳು. ಗ್ರಂಥಾಲಯಕ್ಕೆ ಹೊಸ ಕಟ್ಟಡ ಎದ್ದಿತ್ತು. ಅದು ತೆರೆಯುವ ದಿನ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವ ಕೆಲಸ ಅವಳದು. ಅದಕ್ಕಾಗಿಯೇ ಈ ಉದ್ದನೆಯ ಬೂದು ಕೋಟು.

ಈಚೆಗಂತೂ ಅವಳಿಗೆ ಎಲ್ಲರ ಕೆಲಸದಲ್ಲೂ ತಪ್ಪೇ ಕಾಣುತ್ತಿತ್ತು. ಹೊಸ ಕಟ್ಟಡದ ಕಪಾಟುಗಳನ್ನು ಎತ್ತರ ಮಾಡಿಟ್ಟಿದ್ದಾನೆ ಅಂತ ಬಡಗಿಯ ಜೊತೆ ಜಗಳ. ಬಚ್ಚಲಿನ ಕನ್ನಡಿಯನ್ನು ಯಾರೋ ಮೇಲಕ್ಕೆ ಮೊಳೆ ಹೊಡೆದು ತೂಗುಹಾಕಿದ್ದಾರೆ ಅಂತ ಭಾವನ ಮೇಲೆ ಕೂಗಾಟ. ಪಾಪ, ಭಾವ ಆ ಕನ್ನಡಿಯನ್ನು ಮುಟ್ಟಿರಲೇ ಇಲ್ಲ. ಆದರೂ ಅವರು ಸದ್ದಿಲ್ಲದೆ ಅದನ್ನು ನಾಲ್ಕು ಬೆರಳು ಇಳಿಸಿಕೊಟ್ಟರು. ಮೂವತ್ತು ವರ್ಷ ಅಕ್ಕನ ಜೊತೆ ಸಂಸಾರ ಮಾಡಿದವರಿಗೆ ಅಷ್ಟು ವಿವೇಕ ಬಾರದಿದ್ದೀತೇ?

ಈಗ ತಂಗಿಯ ವಿಚಾರ. ಹೆಂಗಸರ ಬಟ್ಟೆ ಹೊಲಿಯುವ ಆ ಅಂಗಡಿ ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆ ತೀರಿಕೊಂಡ ಮೇಲೆ ಕತ್ತರಿ ಇವಳ ಕೈಗೆ ಬಂತು, ಗುಂಡಿ, ಕಾಜಾ, ಅಂಚು ಮಡಿಸುವುದೆಲ್ಲ ಗಂಡನ ತಂಗಿಯ ಪಾಲಿಗೆ ಹೋಯಿತು. ಅತ್ತಿಗೆ ನಾದಿನಿ ಇಬ್ಬರೂ ಬೆಳಗ್ಗಿನಿಂದ ಸಂಜೆಯವರೆಗೆ ಕಿತ್ತಾಡಿಕೊಂಡೇ ಚೊಕ್ಕವಾಗಿ ಕೆಲಸ ಮಾಡುತ್ತಿದ್ದರು. ಅಂಗಡಿಯ ಒಂದು ಗೋಡೆಯ ತುಂಬ ಮೊಳೆಗಳು. ಪ್ರತಿ ಮೊಳೆಯಲ್ಲೂ ಖಾಕಿ ಕಾಗದದಲ್ಲಿ ಕತ್ತರಿಸಿದ ಒಬ್ಬೊಬ್ಬರ ಮೈ: ಬೆನ್ನು, ಎದೆ, ತೋಳು, ಕತ್ತುಪಟ್ಟಿ. ಹೊರಗಿನವರಿಗೆ ಪ್ರತಿ ಸಲವೂ ಟೇಪು ಹಿಡಿಯುತ್ತಿದ್ದರು. ಮನೆಯವರಿಗೆ ಮಾತ್ರ ಹಿಡಿಯುತ್ತಿರಲಿಲ್ಲ. ಅದು ಅತ್ತೆ ಹಾಕಿಕೊಟ್ಟ ಪದ್ಧತಿ. “ಮನೆಯವರಿಗೆ ಟೇಪು ಹಿಡಿದರೆ ನೀನು ಅವರ ಮೈ ಮರೆತಿದ್ದೀಯ ಅಂತ ಅರ್ಥ” ಅನ್ನುತ್ತಿದ್ದರು ಆಕೆ. ಸೊಂಟ ದಪ್ಪವಾದರೆ ಕಣ್ಣಳತೆಯಲ್ಲೇ ಅಷ್ಟು ಬಿಟ್ಟುಕೊಳ್ಳುವುದು, ಉದ್ದಕ್ಕೆ ಕಾಗದ ಇದ್ದೇ ಇದೆ. ಬೆಳೆದು ನಿಂತ ಹೆಂಗಸು ಇನ್ನೆಷ್ಟು ಉದ್ದ ಬೆಳೆದಾಳು!

ಹಾಗಾಗಿ ತಂಗಿ ಮದುವೆಯಾಗಿ ಬಂದ ವರ್ಷ ಅಕ್ಕನ ಅಳತೆಗೆ ಕತ್ತರಿಸಿದ ಕಾಗದದಲ್ಲೇ ಅಕ್ಕನ ಕೋಟುಗಳೆಲ್ಲ ಹುಟ್ಟಿದ್ದವು. ಒಂದೂ ವಾಪಸ್ ಬಂದಿರಲಿಲ್ಲ, ಇದೊಂದನ್ನು ಬಿಟ್ಟು.

ಬೇರೆ ಕಾಲವಾಗಿದ್ದರೆ ತಂಗಿಯೂ ಸರಿಯಾಗಿ ತಿರುಗಿಸಿ ಕೊಡುತ್ತಿದ್ದಳು. ಆದರೆ ಈ ಒಂದು ವರ್ಷದಲ್ಲಿ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಗಿಬಿಟ್ಟಿತ್ತು. ಮುಟ್ಟು ಮೊದಲು ಹಿಂದೆಮುಂದೆ ಆಯಿತು, ಆಮೇಲೆ ನಿಂತೇ ಹೋಯಿತು. ಹೋದರೆ ಹೋಗಲಿ, ಪೀಡೆ ತೊಲಗಿತು ಅಂದುಕೊಂಡಳು. ಆದರೆ ಅದು ಬರಿಗೈಯಲ್ಲಿ ಹೋಗಲಿಲ್ಲ, ಅವಳ ನಿದ್ದೆಯನ್ನೂ ಕಟ್ಟಿಕೊಂಡು ಹೋಯಿತು. ಕೂತಿದ್ದಂತೆಯೇ ಎದೆಯಿಂದ ಬೆಂಕಿ ಎದ್ದು ಕಿವಿಯವರೆಗೂ ಏರುತ್ತಿತ್ತು, ಮೈಯೆಲ್ಲ ಬೆವರು, ಹಿಂದೆಯೇ ಚಳಿ. ಫ್ಯಾನ್ ಹಾಕು ಅನ್ನುವವಳೂ ಅವಳೇ, ಯಾರು ಹಾಕಿದ್ದು ಅಂತ ಬೈಯುವವಳೂ ಅವಳೇ. ಗಂಡ ಸ್ವಿಚ್ಚಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಅಭ್ಯಾಸ ಮಾಡಿಕೊಂಡ.

ಅದನ್ನೆಲ್ಲ ಹೇಗೋ ತಡೆದುಕೊಳ್ಳುತ್ತಿದ್ದಳು. ಹೆದರಿಕೆಯಾದದ್ದು ಮರೆವಿಗೆ. ಒಂದು ಬೆಳಗ್ಗೆ ಬಾಬಿನ್ ಅನ್ನುವ ಪದವೇ ಬಾಯಿಗೆ ಬರಲಿಲ್ಲ. “ಅದು ಕೊಡೇ, ಅದು... ಒಳಗೆ ಹಾಕ್ತೀವಲ್ಲ, ದಾರ ಸುತ್ತಿ...” ಅಂತ ಅವಳು ಕೈ ತಿರುಗಿಸುತ್ತಿದ್ದರೆ ನಾದಿನಿ ಬಿದ್ದು ಬಿದ್ದು ನಕ್ಕಳು. ಇನ್ನೊಂದು ದಿನ ಬ್ಯಾಂಕಿನ ಹೆಂಗಸೊಬ್ಬಳ ಜಾಕೀಟಿಗೆ ಎರಡೂ ಎಡಗಡೆಯ ತೋಳುಗಳನ್ನೇ ಕತ್ತರಿಸಿಬಿಟ್ಟಳು. ಆವತ್ತು ನಾದಿನಿಯೂ ನಗಲಿಲ್ಲ. ಒಳ್ಳೆಯ ಉಣ್ಣೆ ಬಟ್ಟೆ ಹಾಳಾಗಿತ್ತು. ಕಾಯಿಲೆ ಬಿದ್ದವರ ಕೈ ತಪ್ಪುವುದು ಬೇರೆ, ಗಟ್ಟಿಮುಟ್ಟಾಗಿ ನಿಂತು ತಪ್ಪುವುದು ಬೇರೆ. ತನ್ನ ತಲೆಗೆ ಏನೋ ಆಗಿದೆ, ಇನ್ನು ಇಳಿಯುತ್ತಾ ಹೋಗುವುದೇ ಸರಿ ಅಂತ ತಂಗಿ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಈಗ ಅಕ್ಕನ ಕೋಟು. ಮೊದಲ ಸಲ ಅಂಚು ಮೇಲಕ್ಕೆ ಮಡಿಸಿದಳು, ಎರಡನೇ ಸಲ ಬೆಲ್ಟಿನ ಪಟ್ಟಿಗಳನ್ನು ಬಿಚ್ಚಿ ಹೊಲಿದಳು. ಮೂರನೇ ಸಲವೂ ಅಕ್ಕ ಮುಖ ಗಂಟು ಹಾಕಿಕೊಂಡು ಹೋದ ಮೇಲೆ ತಂಗಿ ಎದುರು ಬೀದಿಯ ದೊಡ್ಡ ಟೈಲರ್‌ಗೆ ಫೋನ್ ಮಾಡಿದಳು. ಆತ ಬಹಳ ದಿನದಿಂದ ಅವಳ ಕತ್ತರಿಸುವ ಮೇಜಿನ ಮೇಲೆ ಕಣ್ಣಿಟ್ಟಿದ್ದ. ಒಂದೇ ಹಲಗೆಯ ಅಂಥ ಮೇಜು ಈಗ ಎಲ್ಲಿ ಸಿಗಬೇಕು?

“ಶನಿವಾರ ಬಂದು ತಗೊಂಡು ಹೋಗಿ,” ಅಂದಳು.

ನಾದಿನಿ ಕೈಯಲ್ಲಿದ್ದ ಗುಂಡಿಗಳ ಡಬ್ಬಿಯನ್ನು ಕುಕ್ಕಿದಳು. “ಅತ್ತಿಗೆ, ನಿಮಗೇನು ತಲೆಗಿಲೆ ಕೆಟ್ಟಿದೆಯಾ? ಮೇಜು ಕೊಟ್ಟು ಕತ್ತರಿಸೋದೆಲ್ಲಿ, ನನ್ನ ತಲೆ ಮೇಲಾ?”

“ಕತ್ತರಿಸಲ್ಲ. ಇನ್ಮೇಲೆ ರಿಪೇರಿ ಮಾತ್ರ. ಜಿಪ್ಪು, ಅಂಚು, ಹರಿದದ್ದು.”

“ಯಾಕೆ?”

“ಕೈ ಕೆಟ್ಟಿದೆ.” ತಂಗಿ ಕುರ್ಚಿಯ ಮೇಲಿನ ಕೋಟನ್ನು ಎತ್ತಿ ತೋರಿಸಿದಳು. “ಅಕ್ಕನ ಕೋಟೇ ಹೊಲಿಯೋಕೆ ಬಾರದವಳು ಇನ್ಯಾರದ್ದನ್ನ ಹೊಲೀಲಿ?”

ನಾದಿನಿಯ ಬಾಯಿ ಹರಿತ, ಹೊಟ್ಟೆಯಲ್ಲಿ ವಿಷವಿಲ್ಲ. ಅವಳಿಗೆ ಅತ್ತಿಗೆಯ ಮೇಲೆ ಬಂದ ಸಿಟ್ಟು ಅತ್ತಿಗೆಯ ಅಕ್ಕನ ಕಡೆ ತಿರುಗಿತು. “ನಿಮ್ಮಕ್ಕ ಏನು ಹೇಳಿದ್ರೂ ತಲೆ ಬಗ್ಗಿಸೋದೊಂದು ನಿಮಗೆ ಚಿಕ್ಕಂದಿನಿಂದ ಅಂಟಿದ ರೋಗ. ಎಲ್ಲಿ ತಪ್ಪಿದೆ ಅಂತ ತೋರಿಸಿ ನೋಡೋಣ, ಆಮೇಲೆ ಮೇಜು ಕೊಡುವಿರಂತೆ,” ಅಂದವಳೇ ಗೋಡೆಯ ಮೊಳೆಯಿಂದ ಅಕ್ಕನ ಕಾಗದಗಳನ್ನು ಕಿತ್ತು ತಂದು ಮೇಜಿನ ಮೇಲೆ ಹರಡಿದಳು.

ಅಂಚಿನ ಮಡಿಕೆ ಬಿಚ್ಚಿ, ಇಸ್ತ್ರಿ ಎಳೆದು, ಕೋಟಿನ ಬೆನ್ನನ್ನು ಕಾಗದದ ಬೆನ್ನಿನ ಮೇಲೆ ಇಟ್ಟರು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಎದೆಯ ಭಾಗ ಇಟ್ಟರು, ಸರಿಯಾಗಿ ಕೂತಿತು. ತೋಳೂ ಹಾಗೆಯೇ. ತಂಗಿ ಎರಡೆರಡು ಸಲ ಇಟ್ಟು ನೋಡಿದಳು. ಅವಳ ಕೈ ಒಂದಿಷ್ಟೂ ತಪ್ಪಿರಲಿಲ್ಲ.

“ಅಯ್ಯೋ ನನ್ನ ಕೈಯೇ!” ಅಂತ ಆಕೆ ಬಲಗೈಯನ್ನು ಎಡಗೈಯಿಂದ ಹಿಡಿದು ಎದೆಗೊತ್ತಿಕೊಂಡಳು. ಎಷ್ಟೋ ದಿನದ ಮೇಲೆ ಅವಳಿಗೆ ಅಂಥ ಸಂತೋಷವಾಗಿತ್ತು. ನಾದಿನಿಯಂತೂ ಗೆದ್ದವಳ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ನಾನು ಹೇಳಲಿಲ್ವಾ? ಕೋಟು ಸರಿಯಾಗಿದೆ. ನಿಮ್ಮಕ್ಕನೇ ಸರಿಯಿಲ್ಲ!”

ಬೈಯಲಿಕ್ಕೆಂದು ಆಡಿದ ಮಾತು. ಆದರೆ ಆಡಿದ ಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಕೋಟಿನ ಬೆನ್ನಿನ ಮೇಲೆ ಹೋದವು. ಮುಂದೆ ಜೋಲುವುದು, ಹಿಂದೆ ಎತ್ತಿಕೊಳ್ಳುವುದು, ಸೊಂಟದ ಗೆರೆ ಕೆಳಕ್ಕೆ ಬೀಳುವುದು: ಬೆನ್ನು ಬಾಗಿದ ಮುದುಕಿಯರ ಬಟ್ಟೆಯಲ್ಲಿ ಇದನ್ನು ಅವರು ವಾರಕ್ಕೊಮ್ಮೆಯಾದರೂ ನೋಡುವವರು. ಅಂಥವರಿಗೆ ಹಿಂಭಾಗದಲ್ಲಿ ಬಟ್ಟೆ ಹೆಚ್ಚು ಬಿಟ್ಟು ಮುಂಭಾಗದಲ್ಲಿ ಕಡಿಮೆ ಮಾಡುವುದು ತಂಗಿಗೆ ನಿದ್ದೆಗಣ್ಣಲ್ಲೂ ಬರುವ ಕೆಲಸ. ಬೇರೆ ಯಾರದ್ದೇ ಕೋಟಾಗಿದ್ದರೂ ನೋಡಿದ ಕ್ಷಣ ಹೇಳುತ್ತಿದ್ದಳು. ಆದರೆ ಅಕ್ಕ ಏಣಿಯಲ್ಲವೇ! ಚಿಕ್ಕಂದಿನಿಂದ ಕತ್ತೆತ್ತಿಯೇ ನೋಡಿದ ಅಕ್ಕನನ್ನು ಹೊಸದಾಗಿ ನೋಡಬೇಕು ಅಂತ ಯಾರಿಗೆ ಹೊಳೆದೀತು? ಈಗಷ್ಟೇ ಕುಣಿಯುವಷ್ಟು ಖುಷಿಪಟ್ಟದ್ದಕ್ಕೆ ತಂಗಿಗೆ ತನ್ನ ಮೇಲೆ ಹೇಸಿಗೆಯಾಯಿತು. ಟೇಪನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ತರಕಾರಿ ಹೆಚ್ಚುತ್ತಿದ್ದಳು. ಕೂತು ಹೆಚ್ಚುವುದನ್ನು ಯಾವಾಗ ಬಿಟ್ಟಳೋ. ಟೇಪು ಕಂಡದ್ದೇ ಅವಳ ಹುಬ್ಬು ಮೇಲೇರಿತು.

“ಏನೇ ಇದು? ನನಗೆ ಟೇಪು ಹಿಡೀತೀಯಾ? ನಿಮ್ಮತ್ತೆ ಇದ್ದಿದ್ರೆ ನಿನ್ನ ಕೆನ್ನೆಗೆ ಬಿಡ್ತಿದ್ರು.”

“ಬಿಡಲಿ. ನೀನು ತಿರುಗಿ ನಿಲ್ಲು.”

“ನಿಲ್ಲಲ್ಲ.”

“ಅಕ್ಕಾ, ಕೈ ಮುಗೀತೀನಿ, ನಿಲ್ಲೇ.”

ಆ ದನಿಯಲ್ಲಿ ಏನಿತ್ತೋ, ಅಕ್ಕ ಚಾಕು ಕೆಳಗಿಟ್ಟು ತಿರುಗಿ ನಿಂತಳು. ತಂಗಿ ಕತ್ತಿನ ಬುಡದ ಮೂಳೆಯ ಮೇಲೆ ಟೇಪಿನ ತುದಿ ಒತ್ತಿ ಸೊಂಟದವರೆಗೆ ಇಳಿಸಿದಳು. ಬೆರಳಿನಡಿ ಬೆನ್ನು ಗುಂಡಗೆ ಸಿಕ್ಕಿತು. ಮುಂಭಾಗ ಅಳೆದಳು, ತೋಳು ಅಳೆದಳು, ಸೊಂಟದಿಂದ ಹಿಮ್ಮಡಿಯವರೆಗೆ ಅಳೆದಳು. ಕಾಲು ಮೊದಲಿನಷ್ಟೇ ಉದ್ದ, ಕೈಯೂ ಅಷ್ಟೇ. ಅಕ್ಕ ಕಡಿಮೆಯಾಗಿದ್ದದ್ದು ಕತ್ತಿಗೂ ಸೊಂಟಕ್ಕೂ ನಡುವೆ. ಕಾಗದದ ಅಕ್ಕನಿಗಿಂತ ಈ ಅಕ್ಕ ಮೂರು ಬೆರಳು ಗಿಡ್ಡವಾಗಿದ್ದಳು.

“ಬೆನ್ನು ನೋಯುತ್ತಾ?” ಅಂತ ಹಿಂದಿನಿಂದಲೇ ಕೇಳಿದಳು ತಂಗಿ.

ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಹೋದ ಚಳಿಗಾಲದಲ್ಲಿ ಹಳೇ ಪತ್ರಿಕೆಗಳ ಕಟ್ಟು ಎತ್ತಿದೆ. ಬೆನ್ನಲ್ಲಿ ಕಳಕ್ ಅಂತು. ಉಸಿರೇ ನಿಂತ ಹಾಗಾಯ್ತು. ಉಳುಕಿರಬೇಕು ಅಂತ ಮುಲಾಮು ಹಚ್ಚಿಕೊಂಡು ಒಂದು ವಾರ ಮಲಗಿದ್ದೆ. ಆಮೇಲೆ ವಾಸಿಯಾಯ್ತು. ಅಂದ್ರೆ... ಅಭ್ಯಾಸವಾಯ್ತು.”

“ನನಗೊಂದು ಮಾತು ಹೇಳಬಾರದಾ?”

“ಏನಂತ ಹೇಳಲಿ? ಮೇಲಿನ ಹಲಗೆ ಕೈಗೆ ಸಿಗದೇ ಹೋದ ದಿನ ಬಡಗಿಯನ್ನ ಬೈದೆ. ಕನ್ನಡಿಯಲ್ಲಿ ಅರ್ಧ ಮುಖ ಕಂಡ ದಿನ ನಿಮ್ಮ ಭಾವನ್ನ ಬೈದೆ. ಆಮೇಲೆ ಕೋಟು.” ಅಕ್ಕ ಈಗ ತಿರುಗಿದಳು. ಕಣ್ಣು ತುಂಬಿತ್ತು. “ನನ್ನ ಮೈ ಹೋಗ್ತಿದೆ ಅಂತ ಒಪ್ಪಿಕೊಳ್ಳೋದಕ್ಕಿಂತ ನಿನ್ನ ಕೈ ಕೆಟ್ಟಿದೆ ಅಂದುಕೊಳ್ಳೋದು ಸುಲಭವಾಗಿತ್ತು ಕಣೇ.”

ತಂಗಿಗೆ ಅವಳನ್ನು ಬೈಯಬೇಕು ಅನ್ನಿಸಿತು. ನಿನ್ನ ಸುಲಭಕ್ಕೆ ನಾನು ಮೇಜು ಮಾರಲು ಹೊರಟಿದ್ದೆ ಅಂತ ಬಾಯಿತುದಿಗೆ ಬಂದಿತ್ತು. ಆದರೆ ಅಕ್ಕನ ಗುಂಡಗಾದ ಬೆನ್ನು ಕೈಗೆ ಇನ್ನೂ ಅಂಟಿಕೊಂಡಿದ್ದಂತಿತ್ತು. ಟೇಪನ್ನು ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು.

ಡಾಕ್ಟರ್ ಹೆಸರೆತ್ತಿದರೆ ಅಕ್ಕ ಜಪ್ಪಯ್ಯ ಅಂದರೂ ಏಳುವವಳಲ್ಲ. ಕೊನೆಗೆ ಭಾವ, ತಂಗಿ, ಫೋನಿನಲ್ಲಿ ನಾದಿನಿ, ಮೂವರೂ ಸೇರಿ ಒಪ್ಪಿಸಿದರು. ಎಕ್ಸ್-ರೇ ಆಯಿತು, ಮೂಳೆಯ ಗಟ್ಟಿತನ ನೋಡುವ ಸ್ಕ್ಯಾನ್ ಆಯಿತು, ರಕ್ತ ಕೊಟ್ಟದ್ದಾಯಿತು. ಶುಕ್ರವಾರ ಎಲ್ಲ ಹಿಡಿದುಕೊಂಡು ಅಕ್ಕ ತಂಗಿ ಇಬ್ಬರೇ ಡಾಕ್ಟರ ಕೋಣೆಯಲ್ಲಿ ಕೂತರು. ಡಾಕ್ಟರ್ ಇವರದೇ ವಯಸ್ಸಿನ ಹೆಂಗಸು, ಮಾತು ಕಡಿಮೆ. ಎಕ್ಸ್-ರೇ ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಬೆನ್ನುಮೂಳೆಯ ಬಿಲ್ಲೆಗಳಲ್ಲಿ ಮೂರು ಮುಂದುಗಡೆ ಕುಸಿದು ಬೆಣೆಯ ಆಕಾರಕ್ಕೆ ಬಂದಿದ್ದವು.

“ನಿಮಗೆ ಮುಟ್ಟು ಯಾವಾಗ ನಿಂತಿತು?”

“ನಲವತ್ತು ದಾಟಿದ್ದೇ ತಡ,” ಅಂದಳು ಅಕ್ಕ. “ಎಲ್ಲರಿಗಿಂತ ಮೊದಲು ಬಿಡುಗಡೆ ಸಿಕ್ತು ಅಂತ ಸಿಹಿ ಹಂಚೋದೊಂದು ಬಾಕಿ ಇತ್ತು.”

ಡಾಕ್ಟರ್ ನಗಲಿಲ್ಲ. “ಅಷ್ಟು ಬೇಗ ನಿಂತಾಗಲೇ ಬರಬೇಕಿತ್ತು. ಮೂಳೆಯನ್ನ ಕಾಯುತ್ತಿದ್ದ ಹಾರ್ಮೋನು ಆವತ್ತಿನಿಂದ ನಿಮ್ಮ ಮೈಯಲ್ಲಿ ಕಡಿಮೆಯಾಗಿದೆ. ಮೂಳೆ ಒಳಗೊಳಗೇ ಸವೀತಾ ಬಂತು. ಅದಕ್ಕೆ ನೋವಿರಲ್ಲ, ಮುರಿಯೋವರೆಗೂ ಗೊತ್ತಾಗಲ್ಲ. ಆ ಕಟ್ಟು ಎತ್ತಿದ ದಿನ ಆದದ್ದು ಉಳುಕಲ್ಲ, ಮೂಳೆ ಕುಸಿದದ್ದು.”

ಆಮೇಲೆ ಔಷಧಿಯ ವಿಚಾರ ಹೇಳಿದರು. ಇನ್ನಷ್ಟು ಕುಸಿಯದಂತೆ ತಡೆಯುವ ಔಷಧಿ ಇದೆ, ತಪ್ಪಿಸಬಾರದು. ಕ್ಯಾಲ್ಸಿಯಂ ಬೇಕು, ಬಿಸಿಲು ಬೇಕು. ಬಗ್ಗಿ ಭಾರ ಎತ್ತಬಾರದು ನಿಜ, ಆದರೆ ಹಾಸಿಗೆ ಹಿಡಿದು ಕೂತರೂ ಮೂಳೆ ಸವೆಯುತ್ತದೆ. ದಿನಾ ನಡೆಯಬೇಕು, ಬೆನ್ನಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಕಲಿಸುವವರ ಹತ್ತಿರ ಕಲಿತೇ ಮಾಡಬೇಕು. ಮನೆಯಲ್ಲಿ ಜಾರುವ ಕಾಲೊರಸು ಇದ್ದರೆ ಇವತ್ತೇ ತೆಗೆದುಹಾಕಬೇಕು. ಅಕ್ಕ ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ಕೇಳಿಸಿಕೊಂಡಳು.

“ಹೋದ ಎತ್ತರ ವಾಪಸ್ ಬರುತ್ತಾ?”

“ಇಲ್ಲ. ಇರೋದನ್ನ ಉಳಿಸಿಕೊಳ್ಳಬಹುದು.”

ಅಕ್ಕ ತಲೆಯಾಡಿಸಿದಳು. ತಂಗಿ ಅವಳ ಕೈ ಹಿಡಿದುಕೊಳ್ಳೋಣ ಅಂತ ಕೈ ಚಾಚಿದರೆ, ಅಕ್ಕ ಆ ಕೈಯನ್ನೇ ಹಿಡಿದು ಅವಳನ್ನು ಮುಂದಿನ ಕುರ್ಚಿಗೆ ಎಳೆದು ಕೂರಿಸಿದಳು.

“ಹಾಗಿದ್ರೆ ಇವಳನ್ನ ನೋಡಿ ಡಾಕ್ಟ್ರೇ. ಇವಳಿಗೂ ಈಗ ನಿಂತಿದೆ. ಇವಳ ಮುಖ ನೋಡಿ, ಕಣ್ಣ ಸುತ್ತ ಹೇಗಾಗಿದೆ. ನನ್ನದು ತಡವಾಯ್ತು, ಇವಳದ್ದು ಆಗಬಾರದು.”

“ಅಕ್ಕಾ, ಇವತ್ತು ನಿನ್ನದು...”

“ಬಾಯ್ಮುಚ್ಚು. ಕೇಳಿದ್ದಕ್ಕೆ ಉತ್ತರ ಹೇಳು.”

ಡಾಕ್ಟರ್ ಪೆನ್ನು ಕೆಳಗಿಟ್ಟು ತಂಗಿಯ ಕಡೆ ತಿರುಗಿದರು. “ಏನೇನಾಗ್ತಿದೆ, ಹೇಳಿ.”

ತಂಗಿ ಒಂದು ವರ್ಷದಿಂದ ಹಲ್ಲು ಕಚ್ಚಿಕೊಂಡಿದ್ದಳು. ಈಗ ಬಾಯಿ ತೆರೆದದ್ದೇ ತಡ, ಎಲ್ಲವೂ ಒಂದರ ಮೇಲೊಂದು ಬಿದ್ದು ಬಂತು: ಬೆವರು, ನಿದ್ದೆ, ಕಾರಣವಿಲ್ಲದ ಅಳು, ಗಂಡನ ಮೇಲೆ ಹರಿಹಾಯುವುದು, ಬಾಯಿಗೆ ಬಾರದ ಪದ, ಎರಡು ಎಡತೋಳು. ಡಾಕ್ಟರ್ ನಡುನಡುವೆ ಪ್ರಶ್ನೆ ಕೇಳಿದರು. ನಿಂತ ಮೇಲೆ ಮತ್ತೆ ರಕ್ತ ಕಂಡಿದೆಯಾ? ಒಂದು ಹನಿ ಕಂಡರೂ ಓಡಿ ಬರಬೇಕು. ಬಿಪಿ ಇದೆಯಾ, ಮನೆಯಲ್ಲಿ ಯಾರಿಗಾದರೂ ಎದೆಯ ಗಂಟು ಆಗಿತ್ತಾ? ತಂಗಿ ಎಲ್ಲಕ್ಕೂ ಇಲ್ಲ ಇಲ್ಲ ಅಂತ ತಲೆಯಾಡಿಸುತ್ತ ಬಂದಳು. ಕೊನೆಗೆ ತಡೆಯಲಾರದೆ ತಾನೇ ಕೇಳಿದಳು.

“ನನ್ನ ತಲೆ ಹೋಗ್ತಿದೆಯಾ ಡಾಕ್ಟ್ರೇ? ನಿಜ ಹೇಳಿ. ನಾಳೆ ಅಂಗಡಿ ಮೇಜು ಕೊಟ್ಟುಬಿಡ್ತಿದ್ದೀನಿ. ಕತ್ತರಿಸೋದು ಬಿಟ್ಟುಬಿಡ್ತೀನಿ.”

ಅಕ್ಕನಿಗೆ ಈ ಸುದ್ದಿ ಗೊತ್ತಿರಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು.

“ಒಂದು ವರ್ಷ ನಿದ್ದೆ ಕೆಟ್ಟರೆ ನನಗೂ ಪದ ಮರೆತುಹೋಗುತ್ತೆ,” ಅಂದರು ಡಾಕ್ಟರ್. “ನೀವು ಹೇಳಿದ್ದೆಲ್ಲ ಈ ಬದಲಾವಣೆಯ ಕಾಲದಲ್ಲಿ ತುಂಬಾ ಹೆಂಗಸರಿಗೆ ಆಗೋದೇ. ಒಂದೆರಡು ಪರೀಕ್ಷೆ ಮಾಡಿಸೋಣ, ಥೈರಾಯ್ಡ್ ನೋಡೋಣ, ನಿಮಗೆ ಹೊಂದೋ ಚಿಕಿತ್ಸೆ ಯಾವುದು ಅಂತ ಆರಿಸೋಣ. ಮೊದಲು ನಿದ್ದೆ ಸರಿಯಾಗಲಿ. ಬೇಕಾದರೆ ಕತ್ತರಿಸೋ ಮುಂಚೆ ಇನ್ನೊಬ್ಬರಿಗೆ ತೋರಿಸಿ. ಬಿಟ್ಟುಬಿಡೋಕೆ ಏನು ಕಾರಣ?”

“ಕಾರಣ ನಾನು,” ಅಂದಳು ಅಕ್ಕ.

ತಂಗಿ ತಿರುಗಿ ನೋಡಿದಳು. ಅಕ್ಕ ಬೆಳಕಿನ ಪೆಟ್ಟಿಗೆಯ ಮೇಲಿದ್ದ ತನ್ನ ಮೂಳೆಗಳನ್ನೇ ನೋಡುತ್ತಿದ್ದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ತಂಗಿ ಕೇಳಿಯೇ ಇರಲಿಲ್ಲ.

“ನಾನೇ ಇವಳ ಕೈ ಕೆಟ್ಟಿದೆ ಅಂದೆ. ಇವಳು ನಂಬಿದಳು, ನಾನು ಹೇಳಿದ್ದನ್ನೆಲ್ಲ ನಂಬ್ತಾಳೆ, ದಡ್ಡಿ.” ಅಕ್ಕ ತಂಗಿಯ ಕಡೆ ತಿರುಗಿದಳು. “ಮೇಜು ಕೊಡಬೇಡ ಕಣೇ. ಈ ಗೂನುಬೆನ್ನನ್ನ ಬೇರೆಯವರ ಕೈಯಲ್ಲಿ ಅಳೆಸಿಕೊಳ್ಳೋಕೆ ನನ್ನಿಂದಾಗಲ್ಲ.”

ಗೂನು ಅನ್ನುವ ಮಾತನ್ನು ತಂಗಿ ಟೇಪು ಹಿಡಿದ ದಿನದಿಂದ ತನ್ನ ನಾಲಿಗೆಯ ಮೇಲೆ ಬಾರದ ಹಾಗೆ ಕಾದುಕೊಂಡು ಬಂದಿದ್ದಳು. ಭಾವನೂ ಆಡಿರಲಿಲ್ಲ. ಅದನ್ನು ಅಕ್ಕನೇ ಆಡಿಬಿಟ್ಟಳು, ಅದೂ ಹೊರಗಿನವರ ಎದುರಿಗೆ, ತಂಗಿಯ ಮೇಜು ಉಳಿಯಲಿ ಅಂತ. ತಂಗಿಗೆ ಅಳು ಉಕ್ಕಿ ಬಂತು. ಸೆರಗೋ ಕರ್ಚೀಫೋ ಹುಡುಕುವಷ್ಟು ಪುರುಸೊತ್ತೂ ಸಿಗದೆ ಅಂಗೈಯಲ್ಲೇ ಮುಖ ಒರೆಸಿಕೊಂಡಳು. ಡಾಕ್ಟರ್ ಎದ್ದು ಕಿಟಕಿ ತೆಗೆದರು. ತಂಗಿ ಅಲ್ಲೇ ಫೋನ್ ತೆಗೆದು ಎದುರು ಬೀದಿಯ ಟೈಲರ್‌ಗೆ ಕರೆ ಮಾಡಿ, ನಾಳೆ ಬರುವುದು ಬೇಡ ಅಂತ ಹೇಳಿದಳು. ಯಾಕಮ್ಮಾ ಅಂತ ಆತ ಕೇಳಿದ.

“ನಮ್ಮಕ್ಕನ ಕೋಟು ಕತ್ತರಿಸಬೇಕು,” ಅಂದಳು.